ಕುಂಟುವ ಹುಲಿಯನ್ನು ಕಂಡೂ ಸುಮ್ಮನಿರುವುದು ಸರಿಯೇ?

ಪ್ರಶ್ನೆ: ಕಬಿನಿ ಕಡೆಯಿಂದ ನಾಗರಹೊಳೆ ಸಫಾರಿಗೆ ಹೋಗಿದ್ದಾಗ ಒಂದು ಗಂಡು ಹುಲಿ ಮುಂಗಾಲು ಎತ್ತಿಕೊಂಡು ಕುಂಟುತ್ತ ದಾರಿ ದಾಟಿತು. ಭುಜದ ಮೇಲೆ ಹಸಿ ಗಾಯ ಕಾಣುತ್ತಿತ್ತು. ಜೀಪಿನ ಚಾಲಕರು "ಇನ್ನೊಂದು ಗಂಡಿನ ಜತೆ ಕಾದಾಡಿದೆ ಸಾರ್, ನಾವು ಮುಟ್ಟೋ ಹಾಗಿಲ್ಲ" ಎಂದರು. ಅದೇ ಸಂಜೆ ಹಿನ್ನೀರಿನ ಅಂಚಿನಲ್ಲಿ ಕೆನ್ನಾಯಿಗಳು ಒಂದು ಜಿಂಕೆಯನ್ನು ಜೀವ ಇರುವಾಗಲೇ ತಿನ್ನಲು ತೊಡಗಿದ್ದನ್ನೂ ನೋಡಬೇಕಾಯಿತು. ಹೋದ ವರ್ಷ ಕುಟ್ಟದ ಹತ್ತಿರ, ನಮ್ಮ ಮಾವನ ಕಾಫಿ ತೋಟದ ಪಕ್ಕದಲ್ಲಿ ಉರುಳಿಗೆ ಸಿಕ್ಕ ಚಿರತೆಯನ್ನು ಇದೇ ಇಲಾಖೆಯವರು ರಾತ್ರಿ ಹಗಲು ನಿಂತು ಬಿಡಿಸಿ, ಚಿಕಿತ್ಸೆ ಕೊಟ್ಟಿದ್ದರು. ಒಂದಕ್ಕೆ ದಯೆ, ಇನ್ನೊಂದಕ್ಕೆ ಇಲ್ಲ, ಇದು ಯಾವ ನ್ಯಾಯ?

ಉತ್ತರ: ನಿಮಗಾದ ಸಂಕಟ ನಿಜವಾದದ್ದು. ಆ ಚಾಲಕರಿಗೂ ಆಗಿರುತ್ತದೆ. ವರ್ಷಗಟ್ಟಲೆ ಅದೇ ಹುಲಿಯನ್ನು ನೋಡುತ್ತ ಬಂದವರಿಗೆ ಅದು ಕುಂಟುವಾಗ ಸುಮ್ಮನಿರುವುದು ಒಂದು ದಿನ ಬಂದು ಹೋಗುವ ನಮಗಿಂತ ಕಷ್ಟ. ಮನುಷ್ಯರ ಕೈಯಿಂದ ಆದ ಗಾಯವಾದರೆ ಇಲಾಖೆ ತಡಮಾಡದೆ ಮುಂದೆ ಬರಬೇಕು. ಕಾಡಿನೊಳಗೆ ಪ್ರಾಣಿಗಳ ನಡುವೆಯೇ ಆದದ್ದಾದರೆ ಹೆಚ್ಚಿನ ಸಂದರ್ಭಗಳಲ್ಲಿ ದೂರ ನಿಲ್ಲಬೇಕು. ಇದು ನಮ್ಮ ನಿಲುವು, ಮತ್ತು ಇದರ ಬುಡದಲ್ಲಿರುವುದೂ ದಯೆಯೇ. ನೀವು ನೋಡಿದ ಮೂರು ಪ್ರಾಣಿಗಳನ್ನೇ ಒಂದೊಂದಾಗಿ ತೆಗೆದುಕೊಂಡರೆ ಇದು ತಿಳಿಯುತ್ತದೆ.

ಮೊದಲು ಜಿಂಕೆ. ಕೆನ್ನಾಯಿ ಹುಲಿಯಂತೆ ಕುತ್ತಿಗೆ ಹಿಡಿದು ಉಸಿರು ಕಟ್ಟಿಸಿ ಕೊಲ್ಲುವ ಪ್ರಾಣಿ ಅಲ್ಲ. ಹದಿನೈದು ಇಪ್ಪತ್ತು ಕೆ.ಜಿ. ತೂಕದ ನಾಯಿಗಳು ಗುಂಪಾಗಿ ಬಂದು ತೊಡೆ, ಹೊಟ್ಟೆ ಹರಿಯುತ್ತವೆ. ರಕ್ತ ಹೋಗಿ, ಆಘಾತದಿಂದ ಜಿಂಕೆ ಕೆಲವು ನಿಮಿಷಗಳಲ್ಲಿ ಸಾಯುತ್ತದೆ. ನೋಡುವವರಿಗೆ ಆ ನಿಮಿಷಗಳು ತುಂಬ ಉದ್ದ. ಈಗ ಸಿಬ್ಬಂದಿ ಜೀಪು ನುಗ್ಗಿಸಿ ನಾಯಿಗಳನ್ನು ಓಡಿಸಿದರು ಎಂದುಕೊಳ್ಳಿ. ಉಳಿಯುವುದು ಹೊಟ್ಟೆ ಹರಿದ ಜಿಂಕೆ. ಅದನ್ನು ಹಿಡಿಯಲು ಹೋದರೆ ಜಿಂಕೆ ಜಾತಿಗೆ ಇರುವ ಇನ್ನೊಂದು ಕಂಟಕ ಎದುರಾಗುತ್ತದೆ: ಹೆದರಿ ಒದ್ದಾಡಿದ ಜಿಂಕೆಯ ಮಾಂಸಖಂಡಗಳು ಒಳಗೇ ಕೊಳೆತಂತೆ ಒಡೆಯುತ್ತವೆ, ರಕ್ತದಲ್ಲಿ ಆಮ್ಲ ಏರುತ್ತದೆ, ಒಡೆದ ಸ್ನಾಯುವಿನ ಕೆಂಪು ದ್ರವ್ಯ ಮೂತ್ರಪಿಂಡವನ್ನು ಕಟ್ಟುತ್ತದೆ. ಹೊರಗೆ ಒಂದು ಗೀರು ಇಲ್ಲದ ಜಿಂಕೆಯೂ ಹಿಡಿದ ಕೆಲವು ಗಂಟೆಗಳಲ್ಲಿ, ಕೆಲವೊಮ್ಮೆ ವಾರ ಕಳೆದು, ಹೀಗೆ ಸಾಯುವುದುಂಟು. ಐದು ನಿಮಿಷದ ಸಾವನ್ನು ಎರಡು ದಿನದ ಸಾವಾಗಿ ಮಾಡಿದಂತಾಗುತ್ತದೆ. ಅತ್ತ ನಾಯಿಗಳು ಹಸಿದುಕೊಂಡೇ ಹೋಗಿ ಇನ್ನೊಂದು ಜಿಂಕೆಯನ್ನು ಹಿಡಿಯುತ್ತವೆ. ಚಳಿಗಾಲವಾದರೆ ಗೂಡಿನಲ್ಲಿ ಮರಿಗಳಿರುತ್ತವೆ. ದೊಡ್ಡ ನಾಯಿಗಳು ತಿಂದು ಬಂದು ಕಕ್ಕಿ ಕೊಟ್ಟರೆ ಮಾತ್ರ ಅವಕ್ಕೆ ಊಟ. ಇಲ್ಲಿ ಸಿಬ್ಬಂದಿಯ ಕೆಲಸ ಒಂದೇ, ಸಫಾರಿ ಗಾಡಿಗಳನ್ನು ಹಿಂದೆ ಸರಿಸಿ ನಿಲ್ಲಿಸುವುದು. ಗಾಡಿಗಳು ಮುತ್ತಿಕೊಂಡರೆ ನಾಯಿಗಳು ಅರ್ಧಕ್ಕೆ ಬಿಟ್ಟು ಹೋಗುತ್ತವೆ, ಜಿಂಕೆಯ ನರಳಾಟ ಇನ್ನಷ್ಟು ಉದ್ದವಾಗುತ್ತದೆ.

ಹುಲಿಯ ವಿಷಯ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಭುಜದ ಮೇಲೆ ಗಾಯ, ಕುಂಟುವ ಮುಂಗಾಲು: ಎರಡು ಗಂಡು ಹುಲಿಗಳು ನೆಲೆಗಾಗಿ ಎದುರುಬದುರಾದಾಗ ಆಗುವ ಗಾಯಗಳೇ ಇವು. 2022ರ ಗಣತಿಯಂತೆ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳಿವೆ. ಅಕ್ಕಪಕ್ಕದ ಕಾಡುಗಳಲ್ಲಿ ಇಷ್ಟು ಹುಲಿಗಳಿರುವಾಗ ಜಗಳ ತಪ್ಪಿದ್ದಲ್ಲ, ಗಾಯವೂ ತಪ್ಪಿದ್ದಲ್ಲ. ನಾಲಿಗೆ ಎಟುಕುವ ಜಾಗದ ಗಾಯವನ್ನು ಹುಲಿ ನೆಕ್ಕಿ ನೆಕ್ಕಿ ವಾಸಿ ಮಾಡಿಕೊಳ್ಳುತ್ತದೆ. ಅಂಗೈ ಅಗಲದ ಗಾಯ ಕೂಡ ಮುಚ್ಚಿಕೊಂಡದ್ದು ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಕಾಣಸಿಗುತ್ತದೆ. ಕತ್ತು, ತಲೆ, ಭುಜದ ಮೇಲ್ಭಾಗ ಹಾಗಲ್ಲ. ಅಲ್ಲಿ ನೊಣ ಮೊಟ್ಟೆ ಇಟ್ಟು ಹುಳ ಬೀಳುತ್ತದೆ.

ಈ ಹುಲಿಗೆ ಚಿಕಿತ್ಸೆ ಎಂದರೆ ಏನೇನು ಎಂದು ನೋಡಿ. ಹುಲಿ, ಚಿರತೆಯಂಥ ದೊಡ್ಡ ಬೆಕ್ಕುಗಳ ಅರಿವಳಿಕೆಗೆ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಕ್ಸೈಲಜಿನ್ ಮತ್ತು ಕೆಟಮಿನ್ ಬೆರಕೆ, ಒಂದು ಮಿ.ಲೀ.ನಲ್ಲಿ 125 ಮಿ.ಗ್ರಾಂ ಮೊದಲನೆಯದು, 100 ಮಿ.ಗ್ರಾಂ ಎರಡನೆಯದು. ಪ್ರಮಾಣ ನಿಲ್ಲುವುದು ತೂಕದ ಮೇಲೆ, ಆ ತೂಕವೋ ಕಣ್ಣಳತೆಯದು. ಗಾಯದಿಂದ ಬಸವಳಿದ, ನೀರು ಕುಡಿಯದೆ ಒಣಗಿದ ಪ್ರಾಣಿಗೆ ಆರೋಗ್ಯವಂತ ಹುಲಿಯ ಪ್ರಮಾಣ ಹೆಚ್ಚಾಗಬಹುದು. ಸೂಜಿ ತಾಗಿದ ಕೂಡಲೇ ಹುಲಿ ಬೀಳುವುದಿಲ್ಲ. ಹತ್ತು ಹದಿನೈದು ನಿಮಿಷ ಓಡಾಡುತ್ತದೆ. ಅಷ್ಟರಲ್ಲಿ ಲಂಟಾನ ಪೊದೆಯೊಳಗೆ ನುಗ್ಗಿದರೆ ಹುಡುಕಲು ಸಾಕಾನೆ ಬೇಕು. ಕಬಿನಿಯ ಅಂಚಿನಲ್ಲಾದರೆ ಹಿನ್ನೀರಿಗಿಳಿದು ಮುಳುಗುವ ಭಯ. ಕ್ಸೈಲಜಿನ್ ಬೆಕ್ಕುಗಳಿಗೆ ವಾಂತಿ ತರಿಸುತ್ತದೆ; ಹೊಟ್ಟೆ ತುಂಬಿದ್ದು, ತಲೆ ಇಳಿಜಾರಿನಲ್ಲಿ ಬಿದ್ದಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಇಷ್ಟೆಲ್ಲ ದಾಟಿ ಗಾಯ ತೊಳೆದು, ಸತ್ತ ಮಾಂಸ ಕತ್ತರಿಸಿ ತೆಗೆದು, ದೀರ್ಘಕಾಲ ನಿಲ್ಲುವ ಆ್ಯಂಟಿಬಯಾಟಿಕ್ ಕೊಟ್ಟು ಬಿಟ್ಟರೂ ಅದು ಒಂದು ಸಲದ ಚಿಕಿತ್ಸೆ. ಆಳದ ಗಾಯಕ್ಕೆ ಒಂದು ಸಲ ಸಾಲದು. ಮೂರು ದಿನಕ್ಕೊಮ್ಮೆ ಅರಿವಳಿಕೆ ಕೊಡುವುದು ಕಾಡಿನಲ್ಲಿ ಆಗದ ಮಾತು. ಹಾಗಾಗಿ ಚಿಕಿತ್ಸೆ ಎಂದರೆ ಹಿಡಿದು ಬೋನಿಗೆ ಹಾಕುವುದು ಎಂದೇ ಅರ್ಥ.

ಹಿಡಿದರೆ ಕಾಡಿನಲ್ಲಿ ಏನಾಗುತ್ತದೆ? ಗಂಡು ಹುಲಿಯ ನೆಲೆಯೊಳಗೆ ಎರಡು ಮೂರು ಹೆಣ್ಣುಗಳಿರುತ್ತವೆ, ಅವುಗಳ ಮರಿಗಳಿರುತ್ತವೆ. ಮೂತ್ರದ ವಾಸನೆ, ಮರದ ಮೇಲಿನ ಪರಚು, ಗರ್ಜನೆ, ಇವೇ ಅದರ ಬೇಲಿ. ಮೂರು ವಾರ ಬೇಲಿ ಕಟ್ಟುವವನಿಲ್ಲ ಎಂದಾದರೆ ಪಕ್ಕದ ಗಂಡು ಒಳಬರುತ್ತದೆ. ಹೊಸ ಗಂಡು ಹಳೆಯದರ ಮರಿಗಳನ್ನು ಕೊಲ್ಲುವುದು ಹುಲಿಗಳಲ್ಲಿ ಸಾಮಾನ್ಯ. ವಾಸಿಯಾದ ಹುಲಿಯನ್ನು ತಂದು ಬಿಟ್ಟರೆ ಅದು ಕಾಲಿಡುವುದು ಇನ್ನೊಬ್ಬನ ನೆಲೆಗೆ, ಮತ್ತೆ ಕಾದಾಟ. ಬಿಡದಿದ್ದರೆ ಮೈಸೂರಿನ ಕೂರ್ಗಳ್ಳಿಯಲ್ಲೋ ಬನ್ನೇರುಘಟ್ಟದಲ್ಲೋ ಪುನರ್ವಸತಿ ಕೇಂದ್ರದ ಕೋಣೆ, ಸಾಯುವವರೆಗೆ. ಕಾಡು ಕಂಡ ಪ್ರಾಣಿಗೆ ಆ ವರ್ಷಗಳು ನೋವಿಲ್ಲದವು ಎಂದು ಹೇಳುವ ಧೈರ್ಯ ನಮಗಿಲ್ಲ. ಒಂದು ಹುಲಿಯ ಕುಂಟು ಕಾಲಿಗೆ ನಾವು ಕೊಡುವ ಬೆಲೆಯಲ್ಲಿ ನಾಲ್ಕು ಮರಿಗಳ ಜೀವವೂ ಸೇರಿರಬಹುದು ಎನ್ನುವುದನ್ನು ಮರೆಯಬಾರದು.

ಹಿಡಿಯುವುದು ಬೇಡ, ತಿನ್ನಲು ಕೊಟ್ಟರೆ ಸಾಕಲ್ಲ ಎಂದು ಅನೇಕರು ಕೇಳುತ್ತಾರೆ. ರಾಜಸ್ಥಾನದ ರಣಥಂಬೋರಿನಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಲ್ಲಿನ ಹೆಸರಾಂತ ಹೆಣ್ಣು ಹುಲಿ ಮಛಲಿಗೆ ಕೊನೆಯ ವರ್ಷಗಳಲ್ಲಿ ಕೋರೆಹಲ್ಲು ಉಳಿದಿರಲಿಲ್ಲ. ಇಲಾಖೆ ಪ್ರಾಣಿಗಳನ್ನು ಕಟ್ಟಿ ತಿನ್ನಲು ಕೊಟ್ಟಿತು. 2016ರ ಆಗಸ್ಟ್‌ನಲ್ಲಿ ಸಾಯುವಾಗ ಅದಕ್ಕೆ ಸುಮಾರು 19 ವರ್ಷ. ಕಾಡು ಹುಲಿ ಅಷ್ಟು ಕಾಲ ಬದುಕುವುದು ತೀರ ಅಪರೂಪ. ಅದರ ಮೊಮ್ಮಗಳು ಆರೋಹೆಡ್‌ಗೆ ಕಾಯಿಲೆಯಾದಾಗಲೂ ಅದೇ ದಾರಿ ಹಿಡಿದರು. ಆದರೆ ಈ ಸಲ ತಾಯಿಯ ಜತೆ ಬೆಳೆಯುವ ಮರಿಗಳಿದ್ದವು. ಜೀವಂತ ಎಮ್ಮೆ ಕರುವನ್ನು ಗಾಡಿಯಲ್ಲಿ ತಂದು ಬಿಡುವ ಮನುಷ್ಯರನ್ನು ನೋಡುತ್ತಲೇ ಆ ಮರಿಗಳು ದೊಡ್ಡವಾದವು. ಹುಲಿಗೆ ಮನುಷ್ಯನ ಬಗ್ಗೆ ಇರುವ ಅಂಜಿಕೆಯೇ ಕಾಡಂಚಿನ ಜನರ ಕಾವಲು, ಅದು ಅಳಿಯಿತು. 2025ರ ಏಪ್ರಿಲ್‌ನಲ್ಲಿ ಕೋಟೆಯ ಗಣೇಶ ದೇವಸ್ಥಾನದ ದಾರಿಯಲ್ಲಿ ಏಳು ವರ್ಷದ ಹುಡುಗ, ಮೇ ತಿಂಗಳಲ್ಲಿ ಅರಣ್ಯ ಅಧಿಕಾರಿಯೊಬ್ಬರು ಹುಲಿ ದಾಳಿಗೆ ಸತ್ತರು. ಹುಲಿಮರಿಯನ್ನು ಬೇರೆ ಕಾಡಿಗೆ ಸಾಗಿಸಬೇಕಾಯಿತು. ಆರೋಹೆಡ್ ಜೂನ್‌ನಲ್ಲಿ ಮೂಳೆಯ ಗಡ್ಡೆಯಿಂದ ಸತ್ತಿತು. ತಿನ್ನಿಸಿದವರ ಮನಸ್ಸು ಒಳ್ಳೆಯದೇ ಇತ್ತು. ಆದರೆ ಆ ಉಪಕಾರದ ಭಾರ ಬಿದ್ದದ್ದು ಬೇರೆಯವರ ಮನೆಗಳ ಮೇಲೆ.

ಹಾಗಾದರೆ ನೀವು ನೋಡಿದ ಹುಲಿಯ ಬಗ್ಗೆ ಯಾರೂ ಏನೂ ಮಾಡುತ್ತಿಲ್ಲವೇ? ಕಣ್ಣಿಡುವುದೂ ಕೆಲಸವೇ, ಮತ್ತು ಅದನ್ನು ಚೆನ್ನಾಗಿ ಮಾಡುವುದು ಸುಲಭವಲ್ಲ. ಚಾಲಕರು ಹೇಳಿದ ಮಾತು ವಲಯ ಅರಣ್ಯಾಧಿಕಾರಿಗೆ ಹೋಗುತ್ತದೆ. ಮೈಪಟ್ಟೆಯ ಚಿತ್ರದಿಂದ ಯಾವ ಹುಲಿ ಎಂದು ಗುರುತಿಸುತ್ತಾರೆ. ಅದು ಓಡಾಡುವ ದಾರಿ, ನೀರಿನ ಗುಂಡಿಗಳ ಬಳಿ ಹೆಚ್ಚುವರಿ ಕ್ಯಾಮೆರಾ ಕಟ್ಟುತ್ತಾರೆ. ವಾಚರ್‌ಗಳು ಬೆಳಿಗ್ಗೆ ಮಣ್ಣಿನ ದಾರಿಯಲ್ಲಿ ಹೆಜ್ಜೆ ನೋಡುತ್ತಾರೆ. ಕಾಲು ಪೂರ್ತಿ ಊರುತ್ತಿಲ್ಲ ಎಂದರೆ ಮೂರು ಹೆಜ್ಜೆ ಆಳ, ನಾಲ್ಕನೆಯದರ ಬೆರಳ ತುದಿ ಮಾತ್ರ ಮಣ್ಣಿಗೆ ತಾಗಿರುತ್ತದೆ, ಅಥವಾ ಹೆಜ್ಜೆಯ ಬದಲು ಎಳೆದ ಗೆರೆ ಇರುತ್ತದೆ. ದಿನ ಕಳೆದಂತೆ ಅಂಗಾಲಿನ ಮೆತ್ತೆಯ ಗುರುತು ಮತ್ತೆ ಮೂಡತೊಡಗಿದರೆ, ನಾಲ್ಕೂ ಹೆಜ್ಜೆ ಒಂದೇ ಆಳಕ್ಕೆ ಬಂದರೆ, ವಾಸಿಯಾಗುತ್ತಿದೆ ಎಂದರ್ಥ. ಹಿಕ್ಕೆಯಲ್ಲಿ ಕಡವೆಯ ಕೂದಲಿದೆಯೋ ಅಥವಾ ಬರೀ ಏಡಿ, ಮೊಲ, ಹುಲ್ಲು ಇದೆಯೋ ನೋಡುತ್ತಾರೆ. ಚಿತ್ರದಲ್ಲಿ ಪಕ್ಕೆಲುಬು, ಸೊಂಟದ ಮೂಳೆ ಎದ್ದು ಕಾಣುತ್ತಿದ್ದರೆ, ಹೊಟ್ಟೆ ಬೆನ್ನಿಗೆ ಅಂಟಿದ್ದರೆ, ಬೇಟೆ ಸಿಗುತ್ತಿಲ್ಲ. ಇಂಥ ಹುಲಿ ಕಾಡಂಚಿಗೆ ಸರಿದು ದನಕ್ಕೆ ಕೈಹಾಕತೊಡಗಿದರೆ ಅಲ್ಲಿಗೆ ಕಾಯುವುದು ಮುಗಿಯಿತು; ಹಿಡಿಯಲೇಬೇಕು. ಮುಳ್ಳುಹಂದಿಯ ಮುಳ್ಳು ಪಾದಕ್ಕೆ ನೆಟ್ಟ ಹುಲಿಗಳ ಕಥೆ ಬಹಳ ಸಲ ಹೀಗೆ ಕೊನೆಯಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಇಲ್ಲಿ ಆಗುವ ದೊಡ್ಡ ತಪ್ಪು ತಡ. ಎರಡು ದನ ಹೋದ ಮೇಲೂ ನೋಡೋಣ ಎನ್ನುತ್ತ ಕುಳಿತರೆ ಮೂರನೆಯ ದಿನ ಹೊಲದಲ್ಲಿ ಸಿಗುವುದು ಮನುಷ್ಯ. ಆಮೇಲೆ ಜನಸಾಗರದ ನಡುವೆ, ಸಿಟ್ಟಿನ ನಡುವೆ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹಿಡಿಯಬೇಕಾಗುತ್ತದೆ.

ಇನ್ನು ಚಿರತೆ. ಅದರ ಗಾಯದ ಲೆಕ್ಕವೇ ಬೇರೆ, ಏಕೆಂದರೆ ಅದನ್ನು ಮಾಡಿದವರು ನಾವು. ಉರುಳು ಎಂದರೆ ಹೆಚ್ಚಾಗಿ ಹಳೆಯ ಬೈಕಿನ ಕ್ಲಚ್ ಅಥವಾ ಬ್ರೇಕ್ ಕೇಬಲ್. ಕಾಡುಹಂದಿ ನುಸುಳುವ ಬೇಲಿಯ ಕಿಂಡಿಯಲ್ಲಿ ಕುಣಿಕೆ ಮಾಡಿ, ಇನ್ನೊಂದು ತುದಿಯನ್ನು ಬೇಲಿ ಕಂಬಕ್ಕೋ ಕಾಫಿ ಗಿಡದ ಬುಡಕ್ಕೋ ಬಿಗಿಯುತ್ತಾರೆ. ಕುಣಿಕೆ ಎಳೆದಷ್ಟೂ ಬಿಗಿಯುತ್ತದೆ, ಸಡಿಲವಾಗುವುದಿಲ್ಲ. ಕೇಬಲ್ ತೆಳ್ಳಗೆ ಇರುವುದರಿಂದ ಚರ್ಮವನ್ನು ಚಾಕುವಿನಂತೆ ಕೊಯ್ದು ಮಾಂಸಕ್ಕೆ ಇಳಿಯುತ್ತದೆ. ಹೊರಗೆ ಕೂದಲ ನಡುವೆ ಬರೀ ಒಂದು ಗೆರೆ ಕಾಣುತ್ತದೆ. ಕೆಳಗಿನ ಕಾಲು ಮಾತ್ರ ಊದಿ, ತಣ್ಣಗಾಗಿ, ಬಣ್ಣ ಕೆಟ್ಟಿರುತ್ತದೆ. ಹೊಟ್ಟೆಗೆ ಬಿದ್ದ ಉರುಳು ಇನ್ನೂ ಮೋಸ. ಬಿಡಿಸಿದ ಪ್ರಾಣಿ ಎದ್ದು ನಡೆಯುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮೂರನೆಯ ದಿನ ಮೂತ್ರಪಿಂಡ ಕೈಕೊಟ್ಟು ಸಾಯುತ್ತದೆ. ಬಿಡಿಸಿದ ಕೂಡಲೇ ಕಾಡಿಗೆ ಬಿಡಬಾರದು ಎನ್ನುವುದು ಇದಕ್ಕೇ. ಕೆಲವು ದಿನ ಇಟ್ಟುಕೊಂಡು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದೆಯೇ ನೋಡಿ, ರಕ್ತದಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಸ್ನಾಯು ಒಡೆದುದರ ಗುರುತು ಪರೀಕ್ಷಿಸಿ, ತಿಂದು ಕುಡಿದು ಮಾಡುವುದನ್ನು ಕಂಡ ಮೇಲೆ ಬಿಡಬೇಕು.

ಬಿಡಿಸುವ ಕ್ರಮದಲ್ಲಿ ಮೊದಲ ಕೆಲಸ ಔಷಧದ್ದಲ್ಲ, ಜನರದ್ದು. ಸುದ್ದಿ ಹಬ್ಬಿದ ಅರ್ಧ ಗಂಟೆಯಲ್ಲಿ ನೂರಾರು ಜನ, ಎಲ್ಲರ ಕೈಯಲ್ಲೂ ಮೊಬೈಲ್. ಒಬ್ಬೊಬ್ಬರು ಹತ್ತಿರ ಬಂದಾಗಲೂ ಚಿರತೆ ಜಿಗಿಯುತ್ತದೆ, ಜಿಗಿದಾಗಲೆಲ್ಲ ಕೇಬಲ್ ಒಂದು ಎಳೆ ಒಳಗೆ ಹೋಗುತ್ತದೆ. ಕಂಬವೋ ಎಳೆಯೋ ಕಿತ್ತು ಬಂದರೆ ಜನರ ಮೇಲೇ ಬೀಳುತ್ತದೆ. ಆದ್ದರಿಂದ ಮೊದಲು ಪೊಲೀಸರು, ಬೇಕಾದರೆ ತಹಶೀಲ್ದಾರರಿಂದ ನಿಷೇಧಾಜ್ಞೆ, ಕನಿಷ್ಠ ಇನ್ನೂರು ಮುನ್ನೂರು ಮೀಟರ್ ದೂರ. ಆಮೇಲೆ ಹಸಿರು ಬಲೆಯ ಮರೆ ಕಟ್ಟಿ ನೆರಳು, ಮೌನ. ಉರುಳು ಎಲ್ಲಿ ಬಿದ್ದಿದೆ, ಇನ್ನೊಂದು ತುದಿ ಎಷ್ಟು ಗಟ್ಟಿ ಎನ್ನುವುದನ್ನು ದುರ್ಬೀನಿನಲ್ಲಿ ನೋಡಿ ಖಚಿತ ಮಾಡಿಕೊಂಡು, ಜೀಪಿನೊಳಗಿಂದ ಹಿಂತೊಡೆ ಅಥವಾ ಭುಜದ ದಪ್ಪ ಮಾಂಸಕ್ಕೆ ಸೂಜಿ ಹಾರಿಸುತ್ತಾರೆ. ಬಿದ್ದ ಮೇಲೂ ಕೆಲವು ನಿಮಿಷ ಕಾದು, ಉದ್ದದ ಕೋಲಿನಿಂದ ಕಿವಿ ಮುಟ್ಟಿ ಅದು ಅಲುಗುತ್ತದೆಯೇ ನೋಡಬೇಕು. ಅವಸರದಲ್ಲಿ ಇಲ್ಲೇ ಕೈ ಕಳೆದುಕೊಂಡವರಿದ್ದಾರೆ.

ಕೆಟಮಿನ್ ಕೊಟ್ಟ ಪ್ರಾಣಿಯ ಕಣ್ಣು ತೆರೆದೇ ಇರುತ್ತದೆ, ರೆಪ್ಪೆ ಬಡಿಯುವುದಿಲ್ಲ. ಕಣ್ಣಿಗೆ ಮುಲಾಮು ಹಾಕಿ ಬಟ್ಟೆ ಕಟ್ಟದಿದ್ದರೆ ಬಿಸಿಲಿಗೆ ಒಣಗಿ ಕುರುಡಾಗುತ್ತದೆ. ಥರ್ಮಾಮೀಟರ್ ಗುದದಲ್ಲಿಟ್ಟು ಐದು ನಿಮಿಷಕ್ಕೊಮ್ಮೆ ಓದಬೇಕು. ಸಹಜ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು. 40 ದಾಟಿದರೆ ತೊಡೆಸಂದು, ಅಂಗಾಲು, ಹೊಟ್ಟೆಯ ಮೇಲೆ ನೀರು. 41 ದಾಟಿದರೆ ಜೀವಕ್ಕೇ ಕುತ್ತು. ಗಂಟೆಗಟ್ಟಲೆ ಬಿಸಿಲಿನಲ್ಲಿ ಒದ್ದಾಡಿದ ಚಿರತೆ ಔಷಧ ಬೀಳುವ ಮೊದಲೇ ಬಿಸಿಯಾಗಿರುತ್ತದೆ. ಸಾಧ್ಯವಾದಲ್ಲಿ ಮೊದಲು ರಕ್ತನಾಳಕ್ಕೆ ಸಲೈನ್ ಏರಿಸಿ, ನಂತರ ಬೋಲ್ಟ್ ಕಟರ್‌ನಿಂದ ಕೇಬಲ್ ಕತ್ತರಿಸುವುದು ಒಳ್ಳೆಯದು, ಏಕೆಂದರೆ ಕಟ್ಟಿದ ಕಾಲಿನಲ್ಲಿ ನಿಂತಿದ್ದ ವಿಷ ಬಿಚ್ಚಿದ ಕೂಡಲೇ ಹೃದಯಕ್ಕೆ ನುಗ್ಗುತ್ತದೆ. ಕ್ಸೈಲಜಿನ್‌ಗೆ ಪ್ರತಿಮದ್ದು ಇದೆ, ಕೆಟಮಿನ್‌ಗೆ ಇಲ್ಲ. ಹಾಗಾಗಿ ಕೆಟಮಿನ್ ಇಳಿಯುವ ಮೊದಲು ಪ್ರತಿಮದ್ದು ಕೊಟ್ಟರೆ ಪ್ರಾಣಿ ಸೆಟೆದುಕೊಂಡು ಒದ್ದಾಡುತ್ತ ಏಳುತ್ತದೆ.

ನೋವಿಗೆ ಯಾವ ಔಷಧ ಎನ್ನುವುದೂ ಸಣ್ಣ ವಿಷಯವಲ್ಲ. ಚಿಕಿತ್ಸೆ ಪಡೆದ ಪ್ರಾಣಿ ನಾಳೆ ಕಾಡಿನಲ್ಲಿ ಸತ್ತರೆ ಅದನ್ನು ತಿನ್ನುವುದು ರಣಹದ್ದು. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ನಮ್ಮ ದೇಶದ ರಣಹದ್ದುಗಳನ್ನು ಬಹುಪಾಲು ಮುಗಿಸಿತು. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿದರು, 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್ ಕೂಡ ನಿಷೇಧವಾದವು. ಬಂಡೀಪುರದ ಸುತ್ತ ಇನ್ನೂ ರಣಹದ್ದುಗಳಿವೆ. ಆದ್ದರಿಂದ ಅವಕ್ಕೆ ಹಾನಿ ಮಾಡದ ಮೆಲಾಕ್ಸಿಕಾಮ್. ಕಾಡಂಚಿನ ಊರುಗಳಲ್ಲಿ ದನಗಳಿಗೂ ಅದನ್ನೇ ಕೇಳಿ ಕೊಡಿಸಿ.

ಉರುಳಿನ ಸಾಲಿನಲ್ಲೇ ಬರುವವು ಹಂದಿಗೆಂದು ಹಿಟ್ಟಿನಲ್ಲಿ ಸುತ್ತಿಡುವ ಸಿಡಿಮದ್ದು, ಬೇಲಿಗೆ ನೇರ ಹರಿಸಿದ ಕರೆಂಟು, ಹೆದ್ದಾರಿಯ ಡಿಕ್ಕಿ, ವಿಷ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯ ವೆಳ್ಳಿಯಾರ್ ಹೊಳೆಯಲ್ಲಿ ನಿಂತೇ ಸತ್ತ ಗರ್ಭಿಣಿ ಆನೆಯ ಬಾಯಿ ಸಿಡಿಮದ್ದಿನಿಂದ ಹರಿದಿತ್ತು. 2025ರ ಜೂನ್‌ನಲ್ಲಿ ನಮ್ಮದೇ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿಹುಲಿಯೂ ನಾಲ್ಕು ಮರಿಗಳೂ ವಿಷದಿಂದ ಸತ್ತವು. ಇಂಥ ಕಡೆ "ಪ್ರಕೃತಿ ನೋಡಿಕೊಳ್ಳುತ್ತದೆ" ಎಂದು ಯಾರಾದರೂ ಹೇಳಿದರೆ ಅದು ಕೈತೊಳೆದುಕೊಳ್ಳುವ ಮಾತು.

ಆನೆಯ ವಿಷಯದಲ್ಲಿ ಮಾತ್ರ ಈ ಗೆರೆ ಅಷ್ಟು ನೇರವಾಗಿ ಎಳೆಯಲು ಬರುವುದಿಲ್ಲ. ಆನೆಗೆ ಚಿಕಿತ್ಸೆ ಮಾಡಲು ಹೋಗುವುದು ಜೀವ ಪಣಕ್ಕಿಡುವ ಕೆಲಸ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಭೀಮ ಎಂಬ ಸಲಗಕ್ಕೆ ಚಿಕಿತ್ಸೆಗೆಂದು ಅರಿವಳಿಕೆ ಹಾರಿಸಲು ಹೋದ, "ಆನೆ ವೆಂಕಟೇಶ್" ಎಂದೇ ಹೆಸರಾಗಿದ್ದ ಅನುಭವಿ, ಅದೇ ಆನೆಯ ದಾಳಿಗೆ ಸಿಕ್ಕಿ ಸತ್ತರು. ಮಧ್ಯಪ್ರವೇಶ ಮಾಡಿ ಎಂದು ಹೊರಗಿನಿಂದ ಒತ್ತಾಯಿಸುವ ಮೊದಲು, ಆ ಕೆಲಸಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಯಾರು ಎಂದು ಒಂದು ಕ್ಷಣ ನೆನೆಯಬೇಕು.

ಇನ್ನೊಂದು ನೆನಪು ಸಿದ್ದನದು. 2016ರಲ್ಲಿ ರಾಮನಗರದ ಮಂಚನಬೆಲೆ ಜಲಾಶಯದ ಬಳಿ ಹಳ್ಳಕ್ಕೆ ಬಿದ್ದು ಮುಂಗಾಲು ಮುರಿದುಕೊಂಡ ಸಲಗ. ನಿಂತ ಆನೆಯ ತೂಕದಲ್ಲಿ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲೆ ಇರುತ್ತದೆ. ನಾಲ್ಕು ಟನ್ ಪ್ರಾಣಿಯ ಮುರಿದ ಮುಂಗಾಲಿಗೆ ಪಟ್ಟಿ ಹಾಕಿ ನಿಲ್ಲಿಸುವ ವಿದ್ಯೆ ಇಂದಿಗೂ ಇಲ್ಲ. ಮಲಗಿಸಿಡೋಣ ಎಂದರೆ ಆನೆಯ ಶ್ವಾಸಕೋಶ ಎದೆಗೂಡಿನ ಗೋಡೆಗೇ ಅಂಟಿಕೊಂಡಿರುವ ರಚನೆ. ತನ್ನದೇ ಭಾರಕ್ಕೆ ಉಸಿರಾಟ ಕಷ್ಟವಾಗುತ್ತದೆ, ಒತ್ತುಹುಣ್ಣು ಏಳುತ್ತದೆ. ಸೇನೆಯವರು ಬಂದು ಆಸರೆಯ ಚೌಕಟ್ಟು ಕಟ್ಟಿದರು, ವೈದ್ಯರು ಶ್ರಮಿಸಿದರು, ಊರಿನವರು ಹಣ್ಣು ತಂದರು, ನಾಡಿಗೆ ನಾಡೇ ಹರಕೆ ಹೊತ್ತಿತು. ಮೂರು ತಿಂಗಳಿಗೂ ಹೆಚ್ಚು ನರಳಿ ಡಿಸೆಂಬರ್‌ನಲ್ಲಿ ಸಿದ್ದ ಸತ್ತ. ಅಲ್ಲಿ ದುಡಿದ ಯಾರ ಪ್ರೀತಿಯನ್ನೂ ನಾವು ಅನುಮಾನಿಸುವುದಿಲ್ಲ. ಆದರೂ ನಮ್ಮ ಅಭಿಪ್ರಾಯ ಹೇಳಲೇಬೇಕು: ಮೂಳೆ ಮುರಿದು ಸೋಂಕು ಏರಿದ್ದು ಖಚಿತವಾದ ದಿನವೇ ದಯಾಮರಣದ ಮಾತು ಎತ್ತಬೇಕಿತ್ತು.

ಕಾನೂನು ಇದಕ್ಕೆ ಅಡ್ಡಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮು, ಚೇತರಿಸಿಕೊಳ್ಳಲಾಗದಷ್ಟು ಅಂಗಹೀನವಾದ ಅಥವಾ ರೋಗಕ್ಕೆ ತುತ್ತಾದ ಪ್ರಾಣಿಯ ಬಗ್ಗೆ, ಅದು ಹೆಚ್ಚಿನ ರಕ್ಷಣೆಯ ಪಟ್ಟಿಯಾದ ಅನುಸೂಚಿ 1ರಲ್ಲಿದ್ದರೂ, ಕಾರಣ ಬರೆದು ಆದೇಶ ಹೊರಡಿಸುವ ಅಧಿಕಾರವನ್ನು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಟ್ಟಿದೆ. ವಲಯಾಧಿಕಾರಿಗಾಗಲಿ ವೈದ್ಯರಿಗಾಗಲಿ ಆ ಅಧಿಕಾರ ಇಲ್ಲ. ಅಡ್ಡಿ ಇರುವುದು ಮನಸ್ಸಿನಲ್ಲಿ: ಕೊಂದ ಕೆಟ್ಟ ಹೆಸರು ಯಾರಿಗೂ ಬೇಡ, ಅದರಲ್ಲೂ ಆನೆಯನ್ನು. ಸತ್ತರೆ ತಾನಾಗಿ ಸಾಯಲಿ ಎಂದು ಕಾಯುವುದು ಎಲ್ಲರಿಗೂ ಸುರಕ್ಷಿತ, ಪ್ರಾಣಿಗೆ ಬಿಟ್ಟು. ಮೂವರು ವೈದ್ಯರು ಒಟ್ಟಿಗೆ ನೋಡಿ, ಇಂತಿಷ್ಟು ದಿನದಲ್ಲಿ ಸುಧಾರಿಸದಿದ್ದರೆ ಶಿಫಾರಸು ಮಾಡುತ್ತೇವೆ ಎಂದು ಮೊದಲ ದಿನವೇ ಬರೆದಿಟ್ಟರೆ ಈ ತೊಡಕು ಬಹಳಷ್ಟು ಕಡಿಮೆಯಾಗುತ್ತದೆ. ಹೀಗೆ ದಯಾಮರಣ ಕೊಟ್ಟ ಪ್ರಾಣಿಯ ಕಳೇಬರವನ್ನು ಕಾಡಿಗೆ ಬಿಡುವಂತಿಲ್ಲ. ಅದರೊಳಗಿನ ಔಷಧ ತಿಂದ ಹದ್ದು, ನರಿ ಎಲ್ಲವನ್ನೂ ಕೊಲ್ಲುತ್ತದೆ. ಸುಡಬೇಕು ಇಲ್ಲವೇ ಆಳವಾಗಿ ಹೂಳಬೇಕು.

ರೋಗ ಬಂದಾಗ ಒಂದು ಪ್ರಾಣಿಯ ನೋವಿನ ಪ್ರಶ್ನೆ ಇಡೀ ಹಿಂಡಿನ ಪ್ರಶ್ನೆಯಾಗುತ್ತದೆ. 1968ರಲ್ಲಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ, ಮುದುಮಲೆಯ ಕಾಟಿಗಳನ್ನು, ಅಂದರೆ ಕಾಡುಕೋಣಗಳನ್ನು, ಹೆಚ್ಚುಕಡಿಮೆ ಬರಿದು ಮಾಡಿತ್ತು. ಆ ರೋಗ ಈಗ ಲೋಕದಲ್ಲೇ ಇಲ್ಲ, 2011ರಲ್ಲಿ ಹಾಗೆಂದು ಘೋಷಣೆಯಾಯಿತು. ಅದನ್ನು ಅಳಿಸಿದ್ದು ಕಾಟಿಗಳನ್ನು ಹಿಡಿದು ಚುಚ್ಚಿ ಅಲ್ಲ, ಊರೂರಿನ ದನಗಳಿಗೆ ಲಸಿಕೆ ಹಾಕಿ. ಕಾಲುಬಾಯಿ ಜ್ವರದ ಲಸಿಕೆಯನ್ನು ಕಾಡಂಚಿನ ದನಗಳಿಗೆ ತಪ್ಪದೆ ಹಾಕಿಸುವುದು ಇಂದು ಕಾಟಿಗೆ ಮಾಡಬಹುದಾದ ದೊಡ್ಡ ಚಿಕಿತ್ಸೆ. ಗುಜರಾತಿನ ಗಿರ್‌ನಲ್ಲಿ 2018ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಾಯಿಗಳಿಗೆ ಬರುವ ವೈರಸ್ ರೋಗ ಡಿಸ್ಟೆಂಪರ್ ಸೇರಿದಂತೆ ಸೋಂಕುಗಳಿಂದ ಒಂದೇ ಭಾಗದ 23 ಸಿಂಹಗಳು ಸತ್ತಾಗ ಸಿಂಹಗಳಿಗೇ ಲಸಿಕೆ ಹಾಕಿದರು. ಅದು ಸರಿಯಾದ ನಿರ್ಧಾರ. ಏಷ್ಯಾದ ಸಿಂಹಗಳು ಇರುವುದು ಅದೊಂದೇ ನಾಡಿನಲ್ಲಿ.

ಬೇಸಿಗೆಯಲ್ಲಿ ನೀರು ಕೊಡುವುದನ್ನೂ ಅನೇಕರು ಶುದ್ಧ ಪುಣ್ಯದ ಕೆಲಸ ಎಂದುಕೊಳ್ಳುತ್ತಾರೆ. ಬಂಡೀಪುರದಲ್ಲಿ ಸೋಲಾರ್ ಪಂಪುಗಳಿಂದ ಕೆರೆ ತುಂಬಿಸುವುದುಂಟು. ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ಎಲ್ಲೆಡೆ ಕೊಳವೆಬಾವಿ ನೀರು ಬಿಟ್ಟಾಗ ಜೀಬ್ರಾಗಳು ಬಂದವು, ಅವುಗಳ ಹಿಂದೆ ಸಿಂಹ ಬಂತು, ಉತ್ತರ ಭಾಗದ ರೋನ್ ಎಂಬ ಅಪರೂಪದ ಹುಲ್ಲೆ 1986ರಲ್ಲಿ ಸುಮಾರು 450 ಇದ್ದದ್ದು 1993ರ ಹೊತ್ತಿಗೆ 45ಕ್ಕೆ ಇಳಿಯಿತು. ಆಮೇಲೆ ಅನೇಕ ನೀರಿನ ತಾಣಗಳನ್ನು ಮುಚ್ಚಿದರು. ನೀರು ಬೇಡ ಎನ್ನುವುದಿಲ್ಲ. ಎಲ್ಲಿ, ಎಷ್ಟು, ಯಾವಾಗ ನಿಲ್ಲಿಸಬೇಕು ಎಂದು ಲೆಕ್ಕ ಇಟ್ಟು ಕೊಡಬೇಕು.

ಮರಿಗಳ ಬಗ್ಗೆ ಒಂದು ಮಾತು, ಏಕೆಂದರೆ ನಿಮ್ಮ ಮಾವನವರಂಥ ತೋಟದವರಿಗೆ ಇದು ಎದುರಾಗುತ್ತಲೇ ಇರುತ್ತದೆ. ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಜಿಂಕೆಮರಿ ಅನಾಥ ಅಲ್ಲ, ತಾಯಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಕಬ್ಬು ಕಡಿಯುವಾಗ ಸಿಗುವ ಚಿರತೆಮರಿಗಳೂ ಹಾಗೇ. ಮೈಸೂರಿಗೆ ಸಾಗಿಸುವ ಬದಲು ಸಂಜೆ ಅದೇ ಜಾಗದಲ್ಲಿ ತೆರೆದ ಕ್ರೇಟಿನಲ್ಲಿಟ್ಟು ಜನ ದೂರ ಸರಿದರೆ ಹೆಚ್ಚಿನ ಸಲ ರಾತ್ರಿಯೇ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಕಂದಕಕ್ಕೆ ಬಿದ್ದ ಆನೆಮರಿಗೆ ಜೆಸಿಬಿಯಿಂದ ಒಂದು ಬದಿ ಇಳಿಜಾರು ಮಾಡಿಕೊಟ್ಟು ಹಿಂದೆ ಸರಿಯಬೇಕು. ಹಸುವಿನ ಹಾಲು ಕುಡಿಸಬಾರದು, ಅದು ಭೇದಿ ಹಿಡಿಸಿ ಕೊಲ್ಲುತ್ತದೆ. ನಿಜಕ್ಕೂ ಅನಾಥವಾದ ಹುಲಿಮರಿಯನ್ನು ಮತ್ತೆ ಕಾಡಿಗೆ ಬಿಡಲು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹಾಕಿದ ಷರತ್ತು ನೋಡಿ: ಕಾಡಿನೊಳಗಿನ ಆವರಣದಲ್ಲಿ ಕನಿಷ್ಠ ಎರಡು ವರ್ಷ, ಕನಿಷ್ಠ 50 ಯಶಸ್ವಿ ಬೇಟೆ, ಮನುಷ್ಯರನ್ನು ಕಂಡರೆ ಅಂಜಿಕೆ. ತಾಯಿ ತಾನಾಗಿ ಮಾಡುವ ಕೆಲಸಕ್ಕೆ ನಮಗೆ ಬೇಕಾಗುವುದು ಅಷ್ಟು.

ಮುಂದಿನ ಸಲ ಗಾಯದ ಪ್ರಾಣಿ ಕಂಡರೆ ಗಂಟೆ, ದಾರಿಯ ಹೆಸರು, ಯಾವ ಕಾಲು, ಯಾವ ಪಕ್ಕ ಎಂದು ಬರೆದುಕೊಳ್ಳಿ. ಎರಡೂ ಪಕ್ಕೆಗಳ ಚಿತ್ರ ಸಿಕ್ಕರೆ ಹುಲಿಯನ್ನು ಗುರುತಿಸುವುದು ಸುಲಭ. ಕತ್ತಿಗೋ ಕಾಲಿಗೋ ಕೂದಲು ಒಂದೇ ಗೆರೆಯಲ್ಲಿ ಒತ್ತಿ ಹೋದಂತೆ ಕಂಡರೆ ಚಿತ್ರ ದೊಡ್ಡದು ಮಾಡಿ ನೋಡಿ, ಅದು ಕೇಬಲ್ ಇರಬಹುದು. ಹಾಗಿದ್ದರೆ ಅದು ಆ ಗಳಿಗೆಯಲ್ಲೇ ಇಲಾಖೆಗೆ ತಲುಪಬೇಕಾದ ಸುದ್ದಿ. ಗೇಟಿನಲ್ಲಿ ಹೇಳಿ, ಇಲ್ಲವೇ ಅರಣ್ಯ ಸಹಾಯವಾಣಿ 1926ಕ್ಕೆ ಕರೆಮಾಡಿ. ಜಾಗದ ಗುರುತು ಸಮೇತ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ.

ಮತ್ತು ಮಾವನವರ ಜತೆ ಒಂದು ಬೆಳಿಗ್ಗೆ ತೋಟದ ಬೇಲಿಯುದ್ದಕ್ಕೂ ನಡೆದು ಬನ್ನಿ. ಹಂದಿ ನುಸುಳಿದ ಕಿಂಡಿಗಳಲ್ಲಿ, ಮೊಣಕಾಲಿನ ಎತ್ತರಕ್ಕೆ, ಒಣಗಿದ ಬಳ್ಳಿಯಂತೆ ಕಾಣುವ ಕೇಬಲ್ ಹುಡುಕಿ. ಬಗ್ಗಿ ನೋಡಬೇಕು, ನಿಂತವರ ಕಣ್ಣಿಗೆ ಅದು ಬೀಳುವುದಿಲ್ಲ. ಕೆಲಸದವರು ಕಟ್ಟಿದ್ದು ಯಜಮಾನರಿಗೆ ಗೊತ್ತಿಲ್ಲದಿರುವುದು ಹೆಚ್ಚು. ಸಿಕ್ಕರೆ ಹಾಗೇ ಚಿತ್ರ ತೆಗೆದು ವಲಯ ಕಚೇರಿಗೆ ತಿಳಿಸಿ, ಅವರ ಮುಂದೆಯೇ ಕತ್ತರಿಸಿ. ಒಂದು ಕಿಂಡಿಯಲ್ಲಿ ಸಿಕ್ಕಿತೆಂದರೆ ಮುಂದಿನ ಕಿಂಡಿಯಲ್ಲೂ ಇರುತ್ತದೆ, ಪೂರ್ತಿ ಸುತ್ತು ಮುಗಿಸಿಯೇ ಮನೆಗೆ ಬನ್ನಿ.